ಇಂಟರ್ನೆಟ್ ಸಿಗುತ್ತದೆ, ಪಕ್ಕದ ವಿಭಾಗ ಸಿಗುವುದಿಲ್ಲ

ನಮ್ಮ ಕಚೇರಿಯ ಫೈಲ್ ಸರ್ವರ್ ಆಗ ಓಡುತ್ತಿದ್ದುದು ಫ್ರೀಬಿಎಸ್‌ಡಿ 12ರ ಮೇಲೆ, ಅದು ಯೂನಿಕ್ಸ್ ಬಗೆಯ ಒಂದು ಓಎಸ್. ಮದರ್‌ಬೋರ್ಡ್ ಸುಟ್ಟುಹೋಗಿ ಬೇರೆ ಮೆಷಿನ್ ಬಂತು. ರಾತ್ರಿ ಪಾಳಿಯ ಹುಡುಗ ಓಎಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಬ್ಯಾಕಪ್‌ನಲ್ಲಿದ್ದ ಹಳೆಯ ಆರ್‌ಸಿ.ಕಾನ್ಫ್ (ಬೂಟ್ ಆಗುವಾಗ ಓದುವ ಸೆಟ್ಟಿಂಗ್‌ಗಳ) ಫೈಲನ್ನು ಹಾಗೇ ತಂದು ಹಾಕಿದ. ಆಮೇಲೆ ಫೋನ್: "ಸರ್, ರೂಟ್ ಎರರ್ ಬರ್ತಿದೆ. ಗೇಟ್‌ವೇನೇ ಹೋಗಿರ್ಬೇಕು."

ಪರದೆಯ ಮೇಲೆ 'ನೆಟ್‌ವರ್ಕ್ ಈಸ್ ಅನ್‌ರೀಚಬಲ್' ಅಂತ ಬಂದರೆ ಯಾರಿಗಾದರೂ ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕಿಗೆ ದಾರಿ ಮಾಡುವ ಮೆಷಿನ್, ಅದರ ಮೇಲೇ ಅನುಮಾನ. ಆದರೆ ಫ್ರೀಬಿಎಸ್‌ಡಿಯಲ್ಲಿ ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್‌ನ ಹೆಸರೇ ಹೆಸರು. ಹಳೆಯ ಇಂಟೆಲ್ ಕಾರ್ಡ್ ಇಎಂ0 ಆಗಿತ್ತು, ಹೊಸ ಬೋರ್ಡಿನ ರಿಯಲ್‌ಟೆಕ್ ಕಾರ್ಡ್ ಆರ್‌ಇ0. ಫೈಲು ವಿಳಾಸ ಕೊಡುತ್ತಿದ್ದುದು ಇಲ್ಲದ ಇಎಂ0ಗೆ. ಇಲ್ಲದ ಕಾರ್ಡಿನ ಸಾಲನ್ನು ಸಿಸ್ಟಂ ಸದ್ದಿಲ್ಲದೆ ದಾಟಿಹೋಗುತ್ತದೆ. ಗಲಾಟೆ ಮಾಡುವುದು ಅದರ ನಂತರ ಬರುವ ರೂಟ್, ಅಂದರೆ ಗೇಟ್‌ವೇ ಕಡೆಗಿನ ದಾರಿ. ಕಾರ್ಡಿನ ಹೆಸರು ಬದಲಿಸು ಎಂದೆ. ಅವನು ಕನ್ಸೋಲ್‌ನಲ್ಲಿ ಹೊಸ ಸಾಲು ಬರೆದ, ಪಿಂಗ್ ಹೋಯಿತು, ಎಲ್ಲ ಸರಿಯಾಯಿತು ಅಂದ.

ಬೆಳಿಗ್ಗೆ ಅಕೌಂಟ್ಸ್‌ನವರು ಬಂದು ನಿಂತರು. ಸರ್ವರ್ ಇರುವುದು 10.20.4 ಸಬ್‌ನೆಟ್‌ನಲ್ಲಿ (ನೆಟ್‌ವರ್ಕಿನ ಒಂದು ತುಂಡು), ಅವರು 10.20.7ರಲ್ಲಿ. ಸರ್ವರ್‌ನಿಂದ ಇಂಟರ್ನೆಟ್ ಸಿಗುತ್ತಿದೆ, ಅದೇ ಸಬ್‌ನೆಟ್‌ನವರಿಗೂ ತೊಂದರೆಯಿಲ್ಲ. ಅಕೌಂಟ್ಸ್ ಒಂದೇ ಸಿಗುತ್ತಿಲ್ಲ. ಫೈರ್‌ವಾಲ್‌ನವರನ್ನು ಕರೆಯೋಣ ಎಂದರು ಒಬ್ಬರು.

ನಾನು ಸರ್ವರ್‌ನಿಂದಲೇ ಅಕೌಂಟ್ಸ್‌ನ ಒಂದು ಮೆಷಿನ್‌ಗೆ ಪಿಂಗ್ ಮಾಡಿದೆ. ಉತ್ತರ 'ಹೋಸ್ಟ್ ಈಸ್ ಡೌನ್'. ಈ ಮಾತನ್ನು ಸುಮ್ಮನೆ ಬಿಡಬಾರದು. ಫೈರ್‌ವಾಲ್ ಪ್ಯಾಕೆಟ್ಟನ್ನು ನುಂಗಿದ್ದರೆ ಬರೀ ಮೌನ ಇರುತ್ತಿತ್ತು. ಫ್ರೀಬಿಎಸ್‌ಡಿ ಹೀಗೆ ಹೇಳುವುದು, ಆ ಮೆಷಿನ್ ತನ್ನದೇ ಸಬ್‌ನೆಟ್‌ನಲ್ಲಿದೆ ಎಂದು ನಂಬಿ, ಆರ್ಪ್‌ನಲ್ಲಿ (ಈ ವಿಳಾಸ ಯಾರದು ಎಂದು ಸಬ್‌ನೆಟ್‌ನೊಳಗೆ ಕೂಗುವ ವಿಧಾನ) ಕೇಳಿ, ಉತ್ತರ ಬಾರದಿದ್ದಾಗ. ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿದೆ, ಸಾಲುಸಾಲಾಗಿ ಆರ್ಪ್ ಪ್ರಶ್ನೆಗಳು: 10.20.7.30 ಯಾರು, 10.20.4.12ಕ್ಕೆ ತಿಳಿಸಿ. ಬೇರೆ ಊರಿನವನನ್ನು ನಮ್ಮ ಬೀದಿಯಲ್ಲಿ ನಿಂತು ಕೂಗಿದ ಹಾಗೆ. ಅಕೌಂಟ್ಸ್‌ಗೆ ಹೋಗಬೇಕಾದ ಒಂದು ಪ್ಯಾಕೆಟ್ಟೂ ಗೇಟ್‌ವೇಗೆ ಹೋಗುತ್ತಿರಲಿಲ್ಲ.

ಕಾರ್ಡಿನ ಸೆಟ್ಟಿಂಗ್ ತೋರಿಸುವ ಇಫ್‌ಕಾನ್ಫಿಗ್ ನೋಡಿದರೆ ನೆಟ್‌ಮಾಸ್ಕ್ (ವಿಳಾಸದ ಎಷ್ಟು ಭಾಗ ಸಬ್‌ನೆಟ್‌ನದು ಎಂದು ಹೇಳುವ ಸಂಖ್ಯೆ) 0xff000000. ಹೊಸ ಸಾಲಿನಲ್ಲಿ ಹುಡುಗ ವಿಳಾಸ ಬರೆದು ಮಾಸ್ಕ್ ಬಿಟ್ಟಿದ್ದ. ಮಾಸ್ಕ್ ಕೊಡದಿದ್ದರೆ ಆ ಸಿಸ್ಟಂ, ವಿಳಾಸದ ಮೊದಲ ಸಂಖ್ಯೆ ನೋಡಿ ಮಾಸ್ಕ್ ಊಹಿಸುವ ಹಳೆಯ ಕ್ಲಾಸ್ ಲೆಕ್ಕಕ್ಕೆ ಹೋಗುತ್ತಿತ್ತು. 10ರಿಂದ ಶುರುವಾದದ್ದೆಲ್ಲ ಕ್ಲಾಸ್ ಎ, ಅಂದರೆ 255.0.0.0. ಕ್ಲಾಸ್ ಬಿಟ್ಟು ಮಾಸ್ಕನ್ನೇ ನೋಡುವ ಸಿಐಡಿಆರ್ ಬಂದದ್ದು 1993ರಲ್ಲಿ, ಈ ಲೆಕ್ಕ ಮಾತ್ರ ಫ್ರೀಬಿಎಸ್‌ಡಿ 12ರಲ್ಲೂ ಮೂಲೆಯಲ್ಲಿ ಕೂತಿತ್ತು! ಅದರ ಪ್ರಕಾರ 10.20.7 ಕೂಡ ಪಕ್ಕದ ಮನೆಯೇ. ನಮಗೆ ಬೇಕಿದ್ದುದು 255.255.255.0, ಹೆಕ್ಸ್‌ನಲ್ಲಿ 0xffffff00. ಹೆಕ್ಸ್‌ನಲ್ಲಿ ತೋರಿಸುವುದರಿಂದ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ.

ಸಾಲನ್ನು ಸಿಸ್‌ಆರ್‌ಸಿ ಕಮಾಂಡ್‌ನಿಂದ ತಿದ್ದಿದೆ. ಆರ್‌ಸಿ.ಕಾನ್ಫ್ ಅನ್ನು ಓದುವುದು ಶೆಲ್. ಕೈಯಲ್ಲಿ ತಿದ್ದುವಾಗ ಒಂದು ಕೋಟ್ ತಪ್ಪಿದರೂ ಮುಂದಿನ ಬೂಟ್ ಸಿಂಗಲ್ ಯೂಸರ್‌ನಲ್ಲಿ (ದುರಸ್ತಿಯ ಮೋಡ್) ನಿಲ್ಲಬಹುದು. ಇನ್ನೊಂದು: ಕಾರ್ಡುಗಳಿಗೆ ವಿಳಾಸ ಹಾಕುವ ನೆಟ್‌ಇಫ್ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಡೀಫಾಲ್ಟ್ ರೂಟ್ ಅಳಿಸಿಹೋಗುತ್ತದೆ, ಹಿಂದೆಯೇ ರೂಟಿಂಗ್ ಸರ್ವಿಸನ್ನೂ ರೀಸ್ಟಾರ್ಟ್ ಮಾಡಬೇಕು. ಬೇರೆ ಸಬ್‌ನೆಟ್‌ನಿಂದ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದಲೇ ಲಾಗಿನ್ ಆಗುವ ದಾರಿ) ಕೂತು ಮೊದಲನೆಯದನ್ನಷ್ಟೇ ಮಾಡಿದರೆ ಸೆಷನ್ ಅಲ್ಲೇ ಹೆಪ್ಪುಗಟ್ಟುತ್ತದೆ, ಆಮೇಲೆ ಸರ್ವರ್ ರೂಮಿಗೆ ನಡೆಯಬೇಕು. ನಾನು ಕನ್ಸೋಲ್ ಬಿಟ್ಟು ಈ ಕೆಲಸಕ್ಕೆ ಕೈಹಾಕುವುದಿಲ್ಲ.

ಅಕೌಂಟ್ಸ್‌ನವರು ಒಳಗೆ ಬಂದರು. ಎಸ್‌ಎಸ್‌ಎಚ್ ಲಾಗಿನ್ ಮಾತ್ರ ತಡವಾಗುತ್ತಿತ್ತು. ನೇಮ್‌ಸರ್ವರ್‌ಗಳ (ವಿಳಾಸಕ್ಕೆ ಹೆಸರು ಹುಡುಕಿಕೊಡುವ ಮೆಷಿನ್‌ಗಳು) ಪಟ್ಟಿ ಇರುವ ರಿಸಾಲ್ವ್.ಕಾನ್ಫ್‌ನಲ್ಲಿ ಮೊದಲನೆಯದು ಎಂದೋ ಕಳಚಿಟ್ಟ ಮೆಷಿನ್. ಲಾಗಿನ್ ಮಾಡುವವರ ಹೆಸರು ಹುಡುಕಲು ಸರ್ವರ್ ಪ್ರತಿ ಸಲ ಅದಕ್ಕೆ ಕಾದು ಎರಡನೆಯದಕ್ಕೆ ಹೋಗುತ್ತಿತ್ತು. ಆ ಸಾಲು ತೆಗೆದೆ.

ಕೊನೆಗೆ ಉಳಿದದ್ದು ಹೋಸ್ಟ್ ಕೀ, ಅಂದರೆ ಎಸ್‌ಎಸ್‌ಎಚ್‌ನಲ್ಲಿ ಸರ್ವರ್‌ನ ಗುರುತು. ಹೊಸ ಇನ್‌ಸ್ಟಾಲ್‌ನಲ್ಲಿ ಕೀಗಳೂ ಹೊಸವು, ಹಾಗಾಗಿ ರಾತ್ರಿ ಆರ್‌ಸಿಂಕ್‌ನಿಂದ ಫೈಲ್ ನಕಲು ಮಾಡುವ ಬ್ಯಾಕಪ್ ಮೆಷಿನ್ ಗುರುತು ಬದಲಾಗಿದೆ ಎಂದು ಒಳಗೆ ಬರಲೇ ಒಪ್ಪುತ್ತಿರಲಿಲ್ಲ. ಕ್ರಾನ್‌ನಲ್ಲಿ ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ, ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಕೀಗಳು ಬ್ಯಾಕಪ್‌ನಲ್ಲಿದ್ದವು. ತಂದು ಹಾಕಿ, ಪ್ರೈವೇಟ್ ಕೀಗಳ ಪರ್ಮಿಷನ್ 600 (ಒಡೆಯನಿಗೆ ಮಾತ್ರ) ಮಾಡಿ, ಎಸ್‌ಎಸ್‌ಎಚ್‌ಡಿ ರೀಸ್ಟಾರ್ಟ್ ಮಾಡಿದೆ. ಆ ಪರ್ಮಿಷನ್ ಸಡಿಲವಿದ್ದರೆ ಎಸ್‌ಎಸ್‌ಎಚ್‌ಡಿ ಕೀಯನ್ನು ಮುಟ್ಟುವುದಿಲ್ಲ.