ನಲವತ್ತು ದಾಟಿದ ಮೇಲೆ ಮತ್ತೆ ಸೈಕಲ್: ಶುರು ಮಾಡುವುದು ಹೇಗೆ?

ಸೈಕಲ್ ತುಳಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ನಲವತ್ತು ದಾಟಿದ ಎಷ್ಟೋ ಜನ ಹುಮ್ಮಸ್ಸಿನಿಂದ ಶುರು ಮಾಡಿ, ಸ್ವಲ್ಪ ದಿನಕ್ಕೇ ಬಿಟ್ಟುಬಿಡುತ್ತಾರೆ. ಕೇಳಿದರೆ ಮಂಡಿ ನೋವು ಅನ್ನುತ್ತಾರೆ, ಇಲ್ಲವೇ ಟೈಮ್ ಸಿಗಲ್ಲ ಅನ್ನುತ್ತಾರೆ. ಎರಡಕ್ಕೂ ದಾರಿ ಇದೆ.

ಮೊದಲು ಸೈಕಲ್

ಹೊಸದು ಕೊಳ್ಳಲೇಬೇಕು ಅಂತೇನಿಲ್ಲ. 2006-07ರಿಂದ ಎಷ್ಟೋ ವರ್ಷ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತ್ತಲ್ವಾ? ಅಂಥದ್ದೊಂದು ಮನೆಯಲ್ಲಿ ಸುಮ್ನೆ ನಿಂತಿದ್ದು, ನಿಮ್ಮ ಎತ್ತರಕ್ಕೆ ಹೊಂದಿದರೆ ಅದೇ ಸಾಕು. ಟ್ಯೂಬು, ಬ್ರೇಕ್ ಕಟ್ಟೆ ನೋಡಿಸಿ, ಚೈನಿಗೆ ಎಣ್ಣೆ ಬಿಡಿಸಿ, ಗಾಳಿ ಹೊಡೆಸಿ. ಎದೆನೋವು, ಬಿಪಿ ಅಥವಾ ಶುಗರ್ ಇದ್ದವರು ಶುರು ಮಾಡುವ ಮುಂಚೆ ಡಾಕ್ಟರನ್ನು ಒಮ್ಮೆ ಕೇಳಲೇಬೇಕು.

ಸೀಟಿನ ಎತ್ತರ

ಇದಕ್ಕೆ ಹತ್ತು ನಿಮಿಷ ಕೊಡಿ. ನಮ್ಮಲ್ಲಿ ಹೆಚ್ಚಿನವರು ಕೂತಲ್ಲೇ ಎರಡೂ ಕಾಲು ನೆಲಕ್ಕೆ ಸಿಗುವಷ್ಟು ಸೀಟು ಇಳಿಸಿಕೊಳ್ಳುತ್ತಾರೆ. ಆಗ ಪ್ರತಿ ತುಳಿತಕ್ಕೂ ಮಂಡಿ ಜಾಸ್ತಿ ಮಡಚುತ್ತದೆ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ, ಮಂಡಿಯ ಮುಂಭಾಗ ನೋಯುತ್ತದೆ.

ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಒಂದು ಪೆಡಲನ್ನು ಪೂರ್ತಿ ಕೆಳಗೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೇರವಾದರೆ ಎತ್ತರ ಸರಿಯಾಗಿದೆ. ಓಡಿಸುವಾಗ ತುಳಿಯುವುದು ಮುಂಗಾಲಿನಿಂದ, ಹಾಗಾಗಿ ಮಂಡಿ ತಾನಾಗಿಯೇ ಸ್ವಲ್ಪ ಬಾಗಿರುತ್ತದೆ. ಮಂಡಿಯ ಹಿಂಭಾಗ ಎಳೆದಂತಾದರೆ, ತುಳಿಯುವಾಗ ಸೊಂಟ ಆಚೀಚೆ ಅಲ್ಲಾಡಿದರೆ ಸೀಟು ಜಾಸ್ತಿ ಎತ್ತರವಾಗಿದೆ ಅಂತ ಅರ್ಥ. ಎತ್ತರಕ್ಕೆ ಭಯವಾದರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರುವುದನ್ನು ಖಾಲಿ ಮೈದಾನದಲ್ಲಿ ರೂಢಿ ಮಾಡಿಕೊಳ್ಳಿ.

ಎಷ್ಟು ತುಳಿಯಬೇಕು?

ಮೊದಲ ವಾರ ಸಮತಟ್ಟು ರಸ್ತೆಯಲ್ಲಿ, ದಿನ ಬಿಟ್ಟು ದಿನ, ಹದಿನೈದು ನಿಮಿಷ ಸಾಕು. ಆಮೇಲೆ ನಿಧಾನವಾಗಿ ಅರ್ಧ ಗಂಟೆಗೆ, ವಾರಕ್ಕೆ ಐದು ದಿನಕ್ಕೆ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕಡಿಮೆ ಅಂದರೂ 150 ನಿಮಿಷದ ಸಾಧಾರಣ ವ್ಯಾಯಾಮ. ವೇಗ ಎಷ್ಟಿರಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಗೇರ್ ಇದ್ದರೆ ಹಗುರದಲ್ಲಿಟ್ಟು ಬೇಗ ಬೇಗ ತುಳಿಯಿರಿ; ಭಾರದ ಗೇರ್ ಮಂಡಿಗೆ ಒಳ್ಳೆಯದಲ್ಲ.

ಭಾನುವಾರ ಒಂದೇ ದಿನ ನಲವತ್ತು ಕಿಲೋಮೀಟರ್ ಹೋಗಿ ಉಳಿದ ದಿನ ಕೂರುವುದು ನನ್ನ ಪ್ರಕಾರ ಸರಿಯಲ್ಲ. ತೊಡೆಯ ದೊಡ್ಡ ಸ್ನಾಯುಗಳು ದುಡಿಯುವಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಆ ಗುಣ ಒಂದೆರಡು ದಿನ ಉಳಿದು ಕಡಿಮೆಯಾಗುತ್ತದೆ. ಅದಕ್ಕೇ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ.

ಟೈಮ್ ಹುಡುಕಬೇಡಿ

ಹೇಗೂ ಹೋಗಲೇಬೇಕಾದ ಕಡೆಗೆ ಸೈಕಲ್ ಹತ್ತಿ: ಹಾಲು, ತರಕಾರಿ, ಬ್ಯಾಂಕು, ಆಫೀಸು. 2017ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಸುಮಾರು 2.6 ಲಕ್ಷ ಜನರ ಮಾಹಿತಿ ನೋಡಿದರು. ಕಾರು, ಬಸ್ಸು, ರೈಲಿನಲ್ಲಿ ಕೆಲಸಕ್ಕೆ ಹೋಗುವವರಿಗಿಂತ ಸೈಕಲ್ಲಿನಲ್ಲಿ ಹೋಗುವವರಿಗೆ ಹೃದಯ, ರಕ್ತನಾಳದ ಕಾಯಿಲೆ ಬರುವ ಅಪಾಯ ಶೇ 46ರಷ್ಟು ಕಡಿಮೆ ಕಂಡಿತು. ಇದಕ್ಕೆಲ್ಲ ಸೈಕಲ್ಲೊಂದೇ ಕಾರಣ ಅಂತ ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೂ ಆ ಜನ ವ್ಯಾಯಾಮಕ್ಕೆಂದು ಬೇರೆ ಸಮಯ ತೆಗೆದಿಡಬೇಕಾಗಿರಲಿಲ್ಲ ಅನ್ನುವುದನ್ನು ಗಮನಿಸಿ.

ಹೆಲ್ಮೆಟ್ ಹಾಕಿ. ಹಿಂದೆ ಕೆಂಪು ದೀಪ ಇರಲಿ. ಎದುರು ದಿಕ್ಕಿನಲ್ಲಿ ಯಾವತ್ತೂ ಹೋಗಬೇಡಿ. ದುಪಟ್ಟಾ, ಸೆರಗು, ಪಂಚೆಯ ತುದಿಯನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಿ.

ಇನ್ನೊಂದು ವಿಷಯ. ಸೈಕಲ್ಲಿನಲ್ಲಿ ಮೈಭಾರ ಹೊರುವುದು ಸೀಟು. ಕೀಲುಗಳಿಗೆ ಅದು ಲಾಭ, ಮೂಳೆಗೆ ಅಷ್ಟು ಲಾಭವಿಲ್ಲ. ಹಾಗಾಗಿ ವಾರದಲ್ಲಿ ಎರಡು ದಿನವಾದರೂ ಮೆಟ್ಟಿಲು ಹತ್ತಿ, ಬಸ್ಕಿ ಹೊಡೆಯಿರಿ. ಮುಟ್ಟು ನಿಂತ ಹೆಂಗಸರು ಇದನ್ನು ಬಿಡಲೇಬಾರದು.