ಫೈರ್ ಅಲಾರಂಗೆ ಮೂರು ಕೂಗಿನ ಕೋಡ್ ಹಾಕುವುದು ಹೇಗೆ

ನಾನು ಫೈರ್ ಅಲಾರಂ ಕೂರಿಸುವ ಕೆಲಸದವನು. ಹಾರ್ನ್ ಜೋರಾಗಿ ಕೂಗಿದರೆ ಸಾಲದು, ಎಲ್ಲ ಮಹಡಿಯಲ್ಲೂ ಒಂದೇ ತಾಳದಲ್ಲಿ ಕೂಗಬೇಕು. ಕೂಗಿನ ತಾಳ ಹಾಕುವ ಕೋಡ್ ಮಾಡ್ಯೂಲ್ ಅನ್ನೋ ಸಾಧನ ಇರುವುದೇ ಅದಕ್ಕೆ.

ಮೊದಲು ಪ್ಯಾನೆಲ್‌ನ ಮೇನ್ಸ್ ಆಫ್ ಮಾಡಿ, ಬ್ಯಾಟರಿ ವೈರನ್ನೂ ಬಿಚ್ಚಿ. ಪ್ಯಾನೆಲ್‌ನ ಹಾರ್ನ್ ಔಟ್‌ಪುಟ್‌ನಿಂದ ಮಾಡ್ಯೂಲ್‌ಗೆ, ಅಲ್ಲಿಂದ ಹಾರ್ನ್‌ಗಳಿಗೆ ವೈರ್ ಎಳೆಯಿರಿ. ಪ್ಲಸ್ ಮೈನಸ್ ಅದಲುಬದಲಾಗಬಾರದು.

ಈಗ ಕೊನೆಯ ರೆಸಿಸ್ಟರ್. ಇದನ್ನು ಸಾಲಿನ ಕೊನೆಯ ಹಾರ್ನ್‌ನಲ್ಲೇ ಹಾಕಿ. ಸುಮ್ಮನಿರುವಾಗ ಪ್ಯಾನೆಲ್ ಸಣ್ಣ ಕರೆಂಟನ್ನು ಉಲ್ಟಾ ಹರಿಸಿ, ವೈರ್ ಸರಿ ಇದೆಯಾ ಅಂತ ನೋಡುತ್ತಿರುತ್ತದೆ. ಕೆಲವರು ಸುಲಭ ಅಂತ ರೆಸಿಸ್ಟರನ್ನು ಪ್ಯಾನೆಲ್ ಡಬ್ಬಿಯೊಳಗೇ ಹಾಕಿಬಿಡುತ್ತಾರೆ. ಆಮೇಲೆ ಮೇಲಿನ ಮಹಡಿಯಲ್ಲಿ ವೈರ್ ತುಂಡಾದರೂ ಯಾರಿಗೂ ಗೊತ್ತಾಗುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ಅಲ್ಲಿ ಜನ ಮಲಗಿರುತ್ತಾರೆ ಅಲ್ವಾ?

ಕೋಡ್‌ಗೆ 'ಟೆಂಪೊರಲ್ 3' ಆರಿಸಿ. ಅರ್ಧ ಸೆಕೆಂಡ್ ಕೂಗು, ಅರ್ಧ ಸೆಕೆಂಡ್ ಮೌನ, ಹೀಗೆ ಮೂರು ಸಲ. ಮೂರನೆಯ ಕೂಗಿನ ನಂತರ ಮಾತ್ರ 1.5 ಸೆಕೆಂಡ್ ಮೌನ. ಒಟ್ಟು 4 ಸೆಕೆಂಡಿನ ಸುತ್ತು. ಐಎಸ್‌ಓ 8201 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಹೇಳುವ 'ಹೊರಗೆ ಬನ್ನಿ' ಸೂಚನೆ ಇದೇ. ನಾಲ್ಕು ಕೂಗಿನದನ್ನು ಹಾಕಬೇಡಿ, ಅದು ಕಾರ್ಬನ್ ಮಾನಾಕ್ಸೈಡ್‌ಗೆ.

ಸೆಕ್ಯೂರಿಟಿಯವರಿಗೆ ತಿಳಿಸಿ ಟೆಸ್ಟ್ ಮಾಡಿ. ಮೆಟ್ಟಿಲ ಬಳಿ ನಿಂತು ಎರಡು ಮಹಡಿಯ ಹಾರ್ನ್ ಒಟ್ಟಿಗೆ ಕೇಳಿ. ತಾಳ ತಪ್ಪಿದರೆ ಮೂರು ಕೂಗು ಕಲಸಿಹೋಗುತ್ತದೆ. ಹಾಗಾದರೆ ಹಾರ್ನ್‌ಗಳನ್ನು ಒಂದೇ ತಾಳದಲ್ಲಿ ಇಡುವ ಸಿಂಕ್ ವೈರಿಂಗ್ ಮತ್ತೆ ನೋಡಿ. ಮಲಗುವ ಕೋಣೆಯಲ್ಲಿ ಬಾಗಿಲು ಮುಚ್ಚಿ, ದಿಂಬಿನ ಹತ್ತಿರ ಅಳೆಯಿರಿ: ಕನಿಷ್ಠ 75 ಡೆಸಿಬಲ್ ಬರಲೇಬೇಕು.