ತಲ್ಬೀನಾ ಗಂಟು ಕಟ್ಟದಿರಲು
ತಲ್ಬೀನಾ ಅಂದರೆ ಬಾರ್ಲಿ ಹಿಟ್ಟಿನ ತೆಳ್ಳಗಿನ ಗಂಜಿ. ಇದನ್ನು ಮಾಡುವಾಗ ಹಿಟ್ಟನ್ನು ನೇರವಾಗಿ ಬಿಸಿ ಹಾಲಿಗೆ ಹಾಕಬೇಡಿ. 2 ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ 10 ನಿಮಿಷ ಕೈಯಾಡಿಸುತ್ತಾ ಬೇಯಿಸಿ. ಆಮೇಲೆ ಹಾಲು, ಉಗುರುಬೆಚ್ಚಗಾದ ಮೇಲೆ ಜೇನು. ಒಣ ಹಿಟ್ಟನ್ನು ಬಿಸಿ ಹಾಲಿಗೆ ಹಾಕಿದರೆ, ಬಿಸಿ ತಾಗಿದ ಕೂಡಲೇ ಅದರ ಹೊರಭಾಗ ಅಂಟಾಗಿ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಗಂಟಾಗುವುದು ಅದಕ್ಕೇ. ಬಂಧುಗಳು ತೀರಿಕೊಂಡಾಗ ಪ್ರವಾದಿ ಮುಹಮ್ಮದರ ಪತ್ನಿ ಆಯಿಷಾ ಅವರು ಇದನ್ನು ಮಾಡಿಸುತ್ತಿದ್ದರು, ಇದು ದುಃಖವನ್ನು ಸ್ವಲ್ಪ ಇಳಿಸುತ್ತದೆ ಎಂದು ಹದೀಸಿನಲ್ಲಿದೆ (ಪ್ರವಾದಿಯವರ ಮಾತು-ನಡೆಗಳ ದಾಖಲೆ). ಅತ್ತು ಸುಸ್ತಾದವರಿಗೆ ಊಟ ಗಂಟಲಲ್ಲಿ ಇಳಿಯಲ್ಲ ಅಲ್ವಾ? ತೆಳ್ಳಗಿದ್ದರೆ ನಾಲ್ಕು ಗುಟುಕಾದರೂ ಕುಡಿಯುತ್ತಾರೆ. ಗ್ಲುಟನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ಆಗದವರಿಗೆ ಇದು ಬೇಡ, 1 ವರ್ಷದೊಳಗಿನ ಮಗುವಿಗೆ ಜೇನು ಬೇಡ. ವಾರಗಟ್ಟಲೆ ಮನಸ್ಸು ಕುಗ್ಗಿಯೇ ಇದ್ದರೆ ಗಂಜಿ ಸಾಲದು, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.